‘ಇಲ್ಲಿ ಕಾರ್ಡ್ ನಡೀತದೇನ್ರಿ?’: ಆರೋಗ್ಯ ಕಾರ್ಡಿನ ಮೇಲೆ ಹೆರಿಗೆ ತಜ್ಞರನ್ನು ಹುಡುಕುವ ಬಗೆ

ಬಸುರಿ ಹೆಣ್ಣುಮಗಳನ್ನು ಕರೆದುಕೊಂಡು ದವಾಖಾನೆಗೆ ಹೋದವರು ಕೌಂಟರಿನಲ್ಲಿ ಮೊದಲು ಕೇಳುವುದು ‘ಇಲ್ಲಿ ಕಾರ್ಡ್ ನಡೀತದೇನ್ರಿ?’ ಎಂದು. ‘ನಡೀತದ್ರಿ’ ಎಂಬ ಉತ್ತರವೂ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೂ ಮನೆಗೆ ಹೊರಡುವ ದಿನ ಕೈಗೆ ಬಿಲ್ಲು ಬರುವುದುಂಟು. ಆ ದವಾಖಾನೆಯಲ್ಲಿ ಕಾರ್ಡ್ ನಡೆಯುವುದು ಎಲುಬಿನ ವಿಭಾಗಕ್ಕೆ, ಹೆರಿಗೆ ವಿಭಾಗಕ್ಕಲ್ಲ ಎನ್ನುವುದು ಆಗ ತಿಳಿಯುತ್ತದೆ. ಇಲ್ಲವೇ ಸರಕಾರಿ ಆಸ್ಪತ್ರೆಯ ರೆಫರಲ್ (ಅಲ್ಲಿಂದ ಇಲ್ಲಿಗೆ ಕಳಿಸಿದ ದಾಖಲೆ) ಇರಲಿಲ್ಲ ಎನ್ನುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕುಟುಂಬಗಳು ಈ ಪೆಟ್ಟು ತಪ್ಪಿಸಿಕೊಳ್ಳಲು ಏನೇನು ಮಾಡಬೇಕು, ಯಾವ ತಿಂಗಳಲ್ಲಿ ಮಾಡಬೇಕು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಮೊದಲು ತಿಳಿಯಬೇಕಾದ ಮೂರು ಮಾತು

ಇಲ್ಲಿ ಕಾರ್ಡ್ ಎಂದರೆ ಮುಖ್ಯವಾಗಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು. ಈ ಯೋಜನೆಯಲ್ಲಿ ನೋಂದಾಯಿಸಿಕೊಂಡಿರುವುದು ಆಸ್ಪತ್ರೆ, ಡಾಕ್ಟರಲ್ಲ. ಅದೂ ಇಂತಿಂಥ ವಿಭಾಗಗಳಿಗೆ ಎಂದು ನೋಂದಣಿ ಆಗಿರುತ್ತದೆ. ಒಬ್ಬರೇ ಡಾಕ್ಟರು ಬೆಳಿಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿ, ಸಂಜೆ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ಕೂರಬಹುದು. ಸಂಜೆಯ ಕ್ಲಿನಿಕ್ಕಿನಲ್ಲಿ ನಿಮ್ಮ ಕಾರ್ಡಿಗೆ ಬೆಲೆಯಿಲ್ಲ.

ಎರಡನೆಯದು, ಕಾರ್ಡ್ ಅಡ್ಮಿಟ್ ಆದವರ ಚಿಕಿತ್ಸೆಗೆ ಇರುವಂಥದ್ದು. ತಿಂಗಳು ತಿಂಗಳು ತೋರಿಸುವ ಫೀಸು, ರಕ್ತಪರೀಕ್ಷೆ, ಸೋನೋಗ್ರಫಿ, ಮಾತ್ರೆಗಳಿಗೆ ಖಾಸಗಿಯಲ್ಲಿ ಕಾರ್ಡ್ ಹಿಡಿಯುವುದಿಲ್ಲ. ಇವೆಲ್ಲ ಪುಕ್ಕಟೆ ಸಿಗುವುದು ಸರಕಾರಿ ಆಸ್ಪತ್ರೆಯಲ್ಲಿ, ಮತ್ತು ಅಲ್ಲಿ ಕಾರ್ಡ್ ಇಲ್ಲದವರಿಗೂ ಸಿಗುತ್ತದೆ.

ಮೂರನೆಯದನ್ನು ಹೆಚ್ಚಿನವರು ತಡವಾಗಿ ಕಲಿಯುತ್ತಾರೆ: ಇದು ನಗದುರಹಿತ ಯೋಜನೆ. ನೀವು ಕೈಯಿಂದ ಕಟ್ಟಿದ ದುಡ್ಡಿಗೆ ಆಮೇಲೆ ಬಿಲ್ಲು ಹಚ್ಚಿ ಅರ್ಜಿ ಕೊಟ್ಟರೆ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ‘ಈಗ ಕಟ್ಟಿರಿ, ಆಮೇಲೆ ಕಾರ್ಡಿನಿಂದ ಬರ್ತದ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಂತು ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಕಾರ್ಡಿನ ಕೆಲಸ ನೋಡುವ ಯೋಜನೆಯ ಸಿಬ್ಬಂದಿ) ಕರೆಸಿ.

ನಿಮ್ಮದು ಯಾವ ಯೋಜನೆ?

ಹೆಚ್ಚಿನವರದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ 2018ರಲ್ಲಿ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇದೇ ಟ್ರಸ್ಟಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಹಾಗಾಗಿ ಹಳೆಯ ತಲೆಮಾರಿನವರು ಇಂದಿಗೂ ಕಾರ್ಡಿಗೆ ‘ಆರೋಗ್ಯಶ್ರೀ’ ಎನ್ನುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ, ಉಳಿದ ಶೇ. 70 ಕೈಯಿಂದ. ಎಪಿಎಲ್‌ನವರು ‘ನಮ್ಮ ಪಾಲು ಎಷ್ಟು ಬರ್ತದ?’ ಎಂದು ಅಡ್ಮಿಟ್ ಆಗುವ ಮೊದಲೇ ಬರೆಸಿಕೊಳ್ಳಬೇಕು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಬೇರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ಇಎಸ್‌ಐ ಕಡಿತವಾಗುವ ನೌಕರರು ಮತ್ತವರ ಹೆಂಡತಿಗೆ ಇದು ಅನ್ವಯ. ಸೇಡಂ, ವಾಡಿ, ಶಹಾಬಾದ್ ಕಡೆಯ ಕಾರ್ಖಾನೆ ಕೆಲಸಗಾರರು ಇದನ್ನು ಮರೆಯಬಾರದು. ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರೋಗಿಯಾಗಿ ತೋರಿಸುವುದೂ ಇದರಲ್ಲಿ ಸೇರಿದೆ. ಆಯುಷ್ಮಾನ್ ಕಾರ್ಡಿಗಿಂತ ಇಲ್ಲಿ ಇದೇ ಮೇಲು. ಹೆಣ್ಣುಮಗಳೇ ವಿಮೆದಾರಳಾಗಿದ್ದು, ಅಗತ್ಯ 70 ದಿನಗಳ ವಂತಿಗೆ ಕಟ್ಟಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಪರಿಹಾರವೂ ಇದೆ.

ಯಶಸ್ವಿನಿ ಸಹಕಾರಿ ಸಂಘದ ಸದಸ್ಯರದು. ಇದು ನೋಂದಣಿ ತೆರೆದಿರುವ ತಿಂಗಳುಗಳಲ್ಲಿ ಮಾತ್ರ ಸೇರುವ ಯೋಜನೆ. ಬಸುರಾದ ಮೇಲೆ ಓಡಿಹೋಗಿ ಮಾಡಿಸುವಂಥದ್ದಲ್ಲ. ಆಸ್ಪತ್ರೆಗಳ ಪಟ್ಟಿಯೂ ಬೇರೆ. ನಿಮ್ಮ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರಿ ಸಂಘ) ಕಾರ್ಯದರ್ಶಿಯ ಹತ್ತಿರ ಚಾಲ್ತಿ ಪಟ್ಟಿ ಕೇಳಿ.

ಇನ್ನೊಂದು ಗೊಂದಲ. ಆಭಾ ಎನ್ನುವ 14 ಅಂಕಿಗಳ ಕಾರ್ಡನ್ನು ಹಲವರು ಆಯುಷ್ಮಾನ್ ಕಾರ್ಡ್ ಎಂದುಕೊಂಡು ಜೋಪಾನವಾಗಿ ಇಟ್ಟಿರುತ್ತಾರೆ. ಅದು ಆರೋಗ್ಯ ದಾಖಲೆಗಳ ಗುರುತಿನ ಸಂಖ್ಯೆ ಅಷ್ಟೇ. ಅದರ ಮೇಲೆ ಒಂದು ರೂಪಾಯಿ ಚಿಕಿತ್ಸೆಯೂ ಸಿಗುವುದಿಲ್ಲ.

ಎರಡು-ಮೂರನೇ ತಿಂಗಳು: ಹೆಸರಿನ ಕೆಲಸ

ಕಾರ್ಡಿನ ತೊಂದರೆಗಳಲ್ಲಿ ಹೆಚ್ಚಿನವು ಹೊಸ ಮದುವೆಯ ಹೆಣ್ಣುಮಕ್ಕಳದು. ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿರುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಿಸಿರುವುದಿಲ್ಲ. ಎರಡೂ ಕಡೆ ಹೆಸರಿಲ್ಲದವಳನ್ನು ಕಂಪ್ಯೂಟರು ಯಾವ ಕುಟುಂಬದವಳೆಂದೂ ಒಪ್ಪುವುದಿಲ್ಲ. ರೇಷನ್ ಕಾರ್ಡಿನ ತಿದ್ದುಪಡಿಗೆ ಆಹಾರ ಇಲಾಖೆ ಅವಕಾಶ ಕೊಡುವುದು ಆಗಾಗ, ಕೆಲವೇ ದಿನ. ಆದ್ದರಿಂದ ಗಂಡನ ಮನೆಯ ಕಾರ್ಡಿಗೆ ಸೇರಿಸುವ ಅವಕಾಶ ಕೈಗೆ ಬರುವ ತನಕ ತವರಿನ ಕಾರ್ಡಿನಿಂದ ಹೆಸರು ತೆಗೆಸಬೇಡಿ. ಚೊಚ್ಚಲ ಹೆರಿಗೆ ತವರಲ್ಲೇ ಆಗುವ ಪದ್ಧತಿ ನಮ್ಮಲ್ಲಿದೆ. ತವರಿನ ಕಾರ್ಡಿನಲ್ಲಿ ಹೆಸರಿದ್ದರೆ ಅದರ ಮೇಲೆಯೇ ಕೆಲಸ ಆಗುತ್ತದೆ.

ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ಇನ್ನೊಂದು ತೊಡಕು: ಆಧಾರದಲ್ಲಿ ಒಂದು ಹೆಸರು, ತಾಯಿ ಕಾರ್ಡಿನಲ್ಲಿ (ಬಸುರಿಯ ತಪಾಸಣೆ ಬರೆದಿಡುವ ಸರಕಾರಿ ಕಾರ್ಡು) ಗಂಡನ ಮನೆಯವರಿಟ್ಟ ಹೆಸರು. ಆಧಾರದಲ್ಲಿ ಇರುವ ಹೆಸರನ್ನೇ ಎಲ್ಲ ಕಡೆ ಬರೆಸಿ. ಬಸುರಿಯಾಗಿದ್ದಾಗ ಆಧಾರದ ಹೆಸರು ಬದಲಿಸಲು ಹೋಗಬೇಡಿ, ಹೆರಿಗೆಯಾದ ಮೇಲೆ ಮಾಡಿಸಿದರಾಯಿತು.

ಕಾರ್ಡ್ ಮಾಡಿಸುವುದು ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಸಿಎಸ್‌ಸಿ ಕೇಂದ್ರದಲ್ಲಿ. ಹೆಣ್ಣುಮಗಳು ತಾನೇ ಹೋಗಬೇಕು. ಆಧಾರ್, ರೇಷನ್ ಕಾರ್ಡ್, ಆಧಾರಕ್ಕೆ ಜೋಡಿಸಿದ ಮೊಬೈಲು ಒಯ್ಯಿರಿ. ಮೊಬೈಲಿಗೆ ಓಟಿಪಿ ಬಾರದಿದ್ದರೆ ಬೆರಳಚ್ಚು ಕೊಡಬೇಕಾಗುತ್ತದೆ. ಹೊಲದ ಕೆಲಸದಿಂದ ಬೆರಳು ಸವೆದವರಿಗೆ ಯಂತ್ರ ಹಿಡಿಯುವುದಿಲ್ಲ. ಕಣ್ಣು ನೋಡಿ ಗುರುತು ಹಿಡಿಯುವ ಯಂತ್ರ ಇರುವ ಕೇಂದ್ರ ಹುಡುಕಿ.

ಇದೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯ ಹತ್ತಿರ ತಾಯಿ ಕಾರ್ಡ್ ಮಾಡಿಸಿ, 12 ವಾರದೊಳಗೆ. ದಸರೆಯ ನಂತರ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವ ಯಾದಗಿರಿ, ಚಿಂಚೋಳಿ ಕಡೆಯ ಕುಟುಂಬಗಳು ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟು ಹೋಗಬಾರದು. ರಕ್ತದ ಗುಂಪು, ಬಿಪಿ, ಹಿಮೋಗ್ಲೋಬಿನ್, ಹಿಂದಿನ ಹೆರಿಗೆಯ ವಿವರ ಎಲ್ಲ ಅದರಲ್ಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಪರವೂರಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.

ತಜ್ಞರು ಪುಕ್ಕಟೆ ನೋಡುವ ದಿನ

ನಮ್ಮ ಖಚಿತ ಅಭಿಪ್ರಾಯ: ಖಾಸಗಿಯಲ್ಲಿ ಹೆರಿಗೆ ಮಾಡಿಸುವ ಮನಸ್ಸಿದ್ದರೂ ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಹಚ್ಚಿ, ಕನಿಷ್ಠ ನಾಲ್ಕು ಸಲ ತೋರಿಸಿರಬೇಕು. ರೆಫರಲ್ ಬೇಕಾದ ದಿನ ಅಲ್ಲಿನ ದಾಖಲೆಯೇ ಕೈಹಿಡಿಯುತ್ತದೆ.

ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ನಾಲ್ಕನೇ ತಿಂಗಳಿನಿಂದ ಮುಂದಿನ ಬಸುರಿಯರನ್ನು ಅಂದು ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ತಪಾಸಣೆ ಮಾಡುತ್ತಾರೆ. 9ನೇ ತಾರೀಖು ಭಾನುವಾರವೋ ರಜೆಯೋ ಆದರೆ ಮರುದಿನ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಎಂಬಿಬಿಎಸ್ ವೈದ್ಯರು ಇರುತ್ತಾರೆ. ಸ್ತ್ರೀರೋಗ ತಜ್ಞರೇ ಬೇಕೆಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಜೇವರ್ಗಿ, ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ, ಚಿಂಚೋಳಿ. ಔರಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್. ಶಹಾಪುರ, ಸುರಪುರ: ಇವುಗಳಲ್ಲಿ ನಿಮಗೆ ಹತ್ತಿರದ್ದಕ್ಕೆ ಹೊರಡುವ ಮುನ್ನ ‘ಇವತ್ತು ಹೆರಿಗಿ ಡಾಕ್ಟರು ಅದಾರೇನ್ರಿ, ರಜಾದ ಮ್ಯಾಲೆ ಅದಾರೇನು?’ ಎಂದು ಆಶಾ ಅವರಿಂದ ಫೋನು ಮಾಡಿಸಿ. ಬೆಳಿಗ್ಗೆ 9ಕ್ಕೆ ಮುಂಚೆ ಚೀಟಿ ಸಾಲಿನಲ್ಲಿರಿ.

ಅಂದು ಏನೇನು ಆಗಬೇಕು? ಬಿಪಿ, ತೂಕ, ಹಿಮೋಗ್ಲೋಬಿನ್, ರಕ್ತದ ಗುಂಪು, ಮೂತ್ರ, ಎಚ್‌ಐವಿ, ಸಿಫಿಲಿಸ್, ಕಾಮಾಲೆ-ಬಿ, ಮತ್ತು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರದ ಸಕ್ಕರೆ ಪರೀಕ್ಷೆ. ಕೂಸಿನ ಅಂಗಾಂಗ ನೋಡುವ ಸೋನೋಗ್ರಫಿ 18ರಿಂದ 20 ವಾರದ ನಡುವೆ ಆಗಬೇಕು. ಸರಕಾರಿ ಆಸ್ಪತ್ರೆಯ ಸ್ಕ್ಯಾನಿಂಗಿಗೆ ಸಾಲು ದೊಡ್ಡದಿರುವುದರಿಂದ 14ನೇ ವಾರದಲ್ಲೇ ತಾರೀಖು ಬರೆಸಿಕೊಳ್ಳಿ. ಅಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು ಎರಡೂ ಅಪರಾಧ.

ಮೊದಲು ಸಿಜೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಬಿಪಿ 140/90 ಮುಟ್ಟಿದರೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಗ್ಲೂಕೋಸ್ ಪರೀಕ್ಷೆ 140 ಮುಟ್ಟಿದರೆ, ರಕ್ತದ ಗುಂಪು ನೆಗೆಟಿವ್ ಇದ್ದರೆ, ತಾಯಿ ಕಾರ್ಡಿನ ಮೇಲೆ ‘ಹೈ ರಿಸ್ಕ್’ (ಹೆಚ್ಚು ಅಪಾಯದ ಬಸಿರು) ಎಂದು ಬರೆಸಿಕೊಳ್ಳಿ. ಅವರು ಬರೆಯದಿದ್ದರೆ ನೀವೇ ಕೇಳಿ. ಆ ಮುದ್ರೆ ಇದ್ದವರಿಗೆ ತಜ್ಞರ ತಪಾಸಣೆ ಹೆಚ್ಚು ಸಲ ಸಿಗುತ್ತದೆ, ಮೇಲಿನ ಆಸ್ಪತ್ರೆಗೆ ಕಳಿಸುವುದೂ ಸುಲಭ. ನೆಗೆಟಿವ್ ಗುಂಪಿನವರು ‘ಆ್ಯಂಟಿ-ಡಿ ಸೂಜಿ ಇಲ್ಲಿ ಸಿಗ್ತದೇನ್ರಿ?’ ಎಂದೂ ಕೇಳಬೇಕು. ಕೂಸಿನ ಗುಂಪು ಪಾಸಿಟಿವ್ ಬಂದರೆ ಹೆರಿಗೆಯಾದ 72 ತಾಸಿನೊಳಗೆ ಅದನ್ನು ಹಾಕಿಸಲೇಬೇಕು.

ಆರನೇ ತಿಂಗಳು: ಹೆರಿಗೆ ಎಲ್ಲಿ?

ಸಾಮಾನ್ಯ ಹೆರಿಗೆಯಂಥ ಸರಳ ಚಿಕಿತ್ಸೆಗಳನ್ನು ಆರೋಗ್ಯ ಕರ್ನಾಟಕ ಸರಕಾರಿ ಆಸ್ಪತ್ರೆಗಳಿಗೇ ಮೀಸಲಿಟ್ಟಿದೆ. ಚಿಕಿತ್ಸೆಗಳನ್ನು ಸರಳ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ, ತುರ್ತು ಎಂದು ವಿಂಗಡಿಸಿದ್ದಾರೆ. ಸಂಕೀರ್ಣ ಮತ್ತು ತೃತೀಯ ಹಂತದ್ದು ಸರಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದ ರೆಫರಲ್ ಪಡೆದು ನೋಂದಾಯಿತ ಖಾಸಗಿಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವುದಕ್ಕೆ ರೆಫರಲ್ ಬೇಡ. ಖಾಸಗಿಯವರು ‘ಹೆರಿಗಿಗೆ ಕಾರ್ಡ್ ನಡಿಯಲ್ರಿ’ ಎಂದರೆ ಅದು ಯಾವಾಗಲೂ ಮೋಸವಲ್ಲ. ಬಹಳ ಸಲ ನಿಯಮವೇ ಹಾಗಿದೆ.

ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ನಡೆಯುತ್ತಿದೆ. ಹೆರಿಗೆ, ಸಿಜೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ (ಸಾಮಾನ್ಯ ಹೆರಿಗೆಗೆ 3 ದಿನ, ಸಿಜೇರಿಯನ್‌ಗೆ 7 ದಿನದವರೆಗೆ), ಹೋಗಿಬರುವ ವಾಹನ, ಒಂದು ವರ್ಷದವರೆಗೆ ಕೂಸಿನ ಚಿಕಿತ್ಸೆ, ಎಲ್ಲ ಪುಕ್ಕಟೆ. ಬಿಪಿಎಲ್, ಎಪಿಎಲ್ ಭೇದವಿಲ್ಲ. ಕಾರ್ಡ್ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಬಿಪಿಎಲ್ ಮತ್ತು ಪರಿಶಿಷ್ಟರಿಗೆ ಜನನಿ ಸುರಕ್ಷಾ ಯೋಜನೆಯಿಂದ ಹಳ್ಳಿಯವರಾದರೆ 700, ಪಟ್ಟಣದವರಾದರೆ 600 ರೂಪಾಯಿ ಖಾತೆಗೆ ಬರುತ್ತದೆ.

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್: ಮೂರೂ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಗಂಡಾಂತರವಿಲ್ಲದ ಹೆರಿಗೆಗೆ ತಾಲ್ಲೂಕು ಆಸ್ಪತ್ರೆ ಸಾಕು. ಆದರೆ ಈ ನಾಲ್ಕನ್ನು ಕೇಳಿ ಖಚಿತ ಮಾಡಿಕೊಳ್ಳಿ: ಸ್ತ್ರೀರೋಗ ತಜ್ಞರು ರಾತ್ರಿ ಕರೆದರೆ ಬರುತ್ತಾರೆಯೇ, ಅರಿವಳಿಕೆ ಡಾಕ್ಟರು ಇದ್ದಾರೆಯೇ, ಮಕ್ಕಳ ಡಾಕ್ಟರು ಇದ್ದಾರೆಯೇ, ರಕ್ತ ಇಟ್ಟಿರುತ್ತಾರೆಯೇ. ತಜ್ಞರೊಬ್ಬರೇ ಇದ್ದು ಅರಿವಳಿಕೆಯವರು ಇಲ್ಲದ ಕಡೆ ಸಿಜೇರಿಯನ್ ಆಗುವುದಿಲ್ಲ. ನಡುರಾತ್ರಿ ಜಿಲ್ಲಾ ಕೇಂದ್ರಕ್ಕೆ ಬರೆದುಕೊಡುತ್ತಾರೆ. ನೋವು ತಿನ್ನುತ್ತ ಆ್ಯಂಬುಲೆನ್ಸಿನಲ್ಲಿ ಕೂತು ಹೋಗುವ ಆ ದಾರಿಯೇ ಎಲ್ಲಕ್ಕಿಂತ ಅಪಾಯದ್ದು. ಹೈ ರಿಸ್ಕ್ ಇರುವವರು ಕೊನೆಯ ತಿಂಗಳಲ್ಲೇ ಜಿಲ್ಲಾ ಕೇಂದ್ರದ ನೆಂಟರ ಮನೆಗೆ ಹೋಗಿ ಇರುವುದು ಒಳ್ಳೆಯದು.

ನೋಂದಾಯಿತ ಖಾಸಗಿ ಆಸ್ಪತ್ರೆ ಹುಡುಕುವ ಕ್ರಮ

ಆಯುಷ್ಮಾನ್ ಜಾಲತಾಣದಲ್ಲಿ ಆಸ್ಪತ್ರೆ ಹುಡುಕುವ ಪುಟವಿದೆ. ರಾಜ್ಯ ಕರ್ನಾಟಕ, ನಿಮ್ಮ ಜಿಲ್ಲೆ, ವಿಭಾಗದ ಜಾಗದಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ, ಈ ಮೂರನ್ನೂ ಆರಿಸಿ. ವಿಭಾಗ ಆರಿಸದೆ ಹುಡುಕಿದರೆ ಕಣ್ಣಿನ ಆಸ್ಪತ್ರೆ, ಡಯಾಲಿಸಿಸ್ ಕೇಂದ್ರಗಳೂ ಪಟ್ಟಿಯಲ್ಲಿ ಬರುತ್ತವೆ. ಜಿಲ್ಲೆಯ ಹೆಸರು ಕಾಣದಿದ್ದರೆ ‘ಗುಲ್ಬರ್ಗಾ’ ಎಂಬ ಹಳೆಯ ಹೆಸರಿನಲ್ಲೂ ನೋಡಿ. ಇಂಟರ್‌ನೆಟ್ಟಿನ ಗೊಡವೆ ಬೇಡವೆಂದರೆ ಆರೋಗ್ಯ ಸಹಾಯವಾಣಿ 104 ಅಥವಾ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನು ಮಾಡಿ. ಕಲಬುರಗಿಯ ಬಸವೇಶ್ವರ, ಖಾಜಾ ಬಂದಾನವಾಜ್‌ನಂಥ ಖಾಸಗಿ ಬೋಧಕ ಆಸ್ಪತ್ರೆಗಳನ್ನೂ ಇದೇ ರೀತಿ ಪರೀಕ್ಷಿಸಿ. ದೊಡ್ಡ ಆಸ್ಪತ್ರೆ ಎಂದ ಮಾತ್ರಕ್ಕೆ ಎಲ್ಲ ಯೋಜನೆ, ಎಲ್ಲ ವಿಭಾಗ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ.

ಪಟ್ಟಿ ಸಿಕ್ಕ ಮೇಲೆ ಆಸ್ಪತ್ರೆಗೇ ಹೋಗಿ ಆರೋಗ್ಯಮಿತ್ರರನ್ನು ಕಾಣಿ. ನೋಂದಾಯಿತ ಆಸ್ಪತ್ರೆಯಲ್ಲಿ ಅವರ ಕೌಂಟರ್ ಇರಬೇಕು. ರಿಸೆಪ್ಷನ್ನಿನವರ ಮಾತು ನಂಬಿ ತಿರುಗಿ ಬರಬೇಡಿ. ಕೇಳಬೇಕಾದದ್ದು ಹೀಗೆ: ‘ಹೆರಿಗಿ ವಿಭಾಗಕ್ಕ ಈಗ ಈ ಕಾರ್ಡ್ ಚಾಲೂ ಅದೇನ್ರಿ? ಮೊದಲ ಸಿಜೇರಿಯನ್ ಆಗ್ಯದ, ನಮ್ಮ ಕೇಸಿಗಿ ರೆಫರಲ್ ಬೇಕೇನ್ರಿ? ಅದು ಯಾವ ದವಾಖಾನಿಂದ ಬರಬೇಕ್ರಿ? ಕೂಸಿಗಿ ಗಾಜಿನ ಪೆಟ್ಟಿಗಿ ಬೇಕಾದ್ರ ಅದೂ ಇದರಾಗೇ ಬರ್ತದೇನ್ರಿ?’ ಕೊನೆಯ ಪ್ರಶ್ನೆ ಬಿಡಬೇಡಿ. ಹೆರಿಗೆಗಿಂತ ಕೂಸಿನ ಐಸಿಯು ಖರ್ಚೇ ಹೆಚ್ಚು ಮನೆಗಳನ್ನು ಸಾಲಕ್ಕೆ ತಳ್ಳಿದೆ.

ರೆಫರಲ್ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದ ಎರಡು ಸಾಲಲ್ಲ. ಸರಕಾರಿ ಆಸ್ಪತ್ರೆ ಅದನ್ನು ಆನ್‌ಲೈನಿನಲ್ಲಿ ಏರಿಸಬೇಕು, ಆಗಲೇ ಖಾಸಗಿಯವರ ಕಂಪ್ಯೂಟರಿನಲ್ಲಿ ಕಾಣುತ್ತದೆ. ‘ಆನ್‌ಲೈನ್ ಆಯ್ತೇನ್ರಿ?’ ಎಂದು ಕೇಳಿಯೇ ಹೊರಡಿ. ಮೊದಲು ಖಾಸಗಿಗೆ ಸೇರಿಸಿ ಆಮೇಲೆ ರೆಫರಲ್‌ಗೆ ಜಿಲ್ಲಾ ಆಸ್ಪತ್ರೆಗೆ ಓಡುವವರಿಗೆ ಹೆಚ್ಚಿನ ಸಲ ಸಿಗುವುದು ನಿರಾಕರಣೆಯೇ.

ಡಾಕ್ಟರ ಬೋರ್ಡನ್ನೂ ಓದಿ. ಎಂಬಿಬಿಎಸ್ ಮುಂದೆ ಎಂಡಿ ಅಥವಾ ಎಂಎಸ್ ಒಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ), ಡಿಎನ್‌ಬಿ ಅಥವಾ ಡಿಜಿಒ ಇದ್ದರೆ ಅವರು ತಜ್ಞರು. ‘ಲೇಡಿ ಡಾಕ್ಟರ್’ ಎನ್ನುವುದು ಪದವಿಯಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ತೂಗಿರಬೇಕು.

ಗಡಿಯಾಚೆ

ಬೀದರಿನವರು ಹೈದರಾಬಾದ್, ಉದಗೀರಕ್ಕೆ, ಅಫಜಲಪುರ-ಆಳಂದದವರು ಸೊಲ್ಲಾಪುರಕ್ಕೆ ಹೋಗುವುದು ರೂಢಿ. ಆಯುಷ್ಮಾನ್ ಕಾರ್ಡ್ ದೇಶದ ತುಂಬ ನಡೆಯುತ್ತದೆ ಎನ್ನುವುದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ಮಟ್ಟಿಗೆ ನಿಜ. ರಾಜ್ಯ ತಾನಾಗಿ ಸೇರಿಸಿಕೊಂಡ ಕುಟುಂಬಗಳಿಗೆ ಹಾಗಲ್ಲ. ನಿಮ್ಮದು ಯಾವುದು ಎಂದು ಹೊರಡುವ ಮೊದಲೇ 14555ರಲ್ಲಿ ಕೇಳಿ.

ತುರ್ತು ಬಂದರೆ

ರಕ್ತ ಹೋಗುತ್ತಿದ್ದರೆ, ಫಿಟ್ಸ್ ಬಂದರೆ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದ್ದರೆ, ನೀರು ಒಡೆದಿದ್ದರೆ, ಕೂಸಿನ ಅಲುಗಾಟ ನಿಂತರೆ, ಕಾರ್ಡ್ ಹುಡುಕುತ್ತ ಕೂರಬೇಡಿ. 108ಕ್ಕೆ ಫೋನು ಮಾಡಿ ಹತ್ತಿರದ, ಸಿಜೇರಿಯನ್ ಆಗುವ ಆಸ್ಪತ್ರೆಗೆ ಹೋಗಿ. ಕಾಗದಗಳನ್ನು ಮನೆಯವರು ಹಿಂದಿನಿಂದ ತರಲಿ. ನೋಂದಾಯಿತ ಖಾಸಗಿಗೆ ಹೋದಿರಾದರೆ ಒಬ್ಬರು ರೋಗಿಯ ಜೊತೆ ಇದ್ದು, ಇನ್ನೊಬ್ಬರು ಕೂಡಲೇ ಆರೋಗ್ಯಮಿತ್ರರ ಹತ್ತಿರ ಹೋಗಿ ತುರ್ತು ಎಂದು ದಾಖಲಿಸಲಿ. ನಾಳೆ ನೋಡೋಣ ಎಂದರೆ ಕೇಸು ನಗದು ಲೆಕ್ಕಕ್ಕೆ ಹೋಗಿರುತ್ತದೆ.

ಎಂಟನೇ ತಿಂಗಳಲ್ಲೇ ಒಂದು ಚೀಲ ಕಟ್ಟಿಡಿ: ತಾಯಿ ಕಾರ್ಡ್, ಆಯುಷ್ಮಾನ್ ಕಾರ್ಡ್, ಆಧಾರ್ ಮತ್ತು ರೇಷನ್ ಕಾರ್ಡಿನ ಮೂಲಪ್ರತಿ, ಎರಡೆರಡು ಝೆರಾಕ್ಸ್, ಎಲ್ಲ ಸೋನೋಗ್ರಫಿ ವರದಿ, ಬ್ಯಾಂಕ್ ಪಾಸ್‌ಬುಕ್. ರಕ್ತ ಕೊಡಬಲ್ಲ ಇಬ್ಬರ ಫೋನ್ ನಂಬರನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡಿ.

ದುಡ್ಡು ಕೇಳಿದರೆ

ಕಾರ್ಡಿನ ಮೇಲೆ ಮಂಜೂರಾದ ಬಿಪಿಎಲ್ ಕೇಸಿನಲ್ಲಿ ಔಷಧ, ಪರೀಕ್ಷೆ, ಬೆಡ್ಡು, ಊಟ ಎಲ್ಲ ಪ್ಯಾಕೇಜಿನಲ್ಲೇ ಸೇರಿರುತ್ತವೆ. ‘ಈ ಇಂಜೆಕ್ಷನ್ ಹೊರಗಿಂದ ತರ್ರಿ’ ಎಂದರೆ ಚೀಟಿ ಬರೆಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ, ಆರೋಗ್ಯಮಿತ್ರರಿಗೆ ತೋರಿಸಿ. ಬಗೆಹರಿಯದಿದ್ದರೆ 14555, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿರುವ ಯೋಜನೆಯ ಜಿಲ್ಲಾ ಸಂಯೋಜಕರು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲಲ್ಲಿ ಗಂಡುಕೂಸಿಗಿಷ್ಟು, ಹೆಣ್ಣುಕೂಸಿಗಿಷ್ಟು ಎಂದು ಕೈಯೊಡ್ಡುವವರಿಗೆ ಕೊಡಬೇಕಾದದ್ದು ಏನೂ ಇಲ್ಲ. ಬಾಣಂತಿ ಒಳಗಿರುವಾಗ ಜಗಳ ಬೇಡವೆನಿಸಿದರೆ ತಾರೀಖು, ಹೊತ್ತು, ಪಾಳಿ ಬರೆದಿಟ್ಟುಕೊಂಡು ಬಿಡುಗಡೆಯಾದ ಮೇಲೆ 104ಕ್ಕೆ ಹೇಳಿ.

ಬಿಡುಗಡೆಯ ದಿನ ಡಿಸ್‌ಚಾರ್ಜ್ ಸಾರಾಂಶ ಇಲ್ಲದೆ ಹೊರಡಬೇಡಿ. ಸಿಜೇರಿಯನ್ ಯಾಕೆ ಆಯಿತು ಎನ್ನುವುದು ಅದರಲ್ಲಿರಬೇಕು. ಮುಂದಿನ ಹೆರಿಗೆಯ ಡಾಕ್ಟರಿಗೆ ಅದೇ ಆಧಾರ. ಕೂಸಿಗೆ ಕಾರ್ಡ್ ಇಲ್ಲವೆಂದು ಚಿಂತೆ ಬೇಡ, ತಾಯಿಯ ಕಾರ್ಡಿನ ಮೇಲೆಯೇ ಚಿಕಿತ್ಸೆ ಆಗುತ್ತದೆ.

‘ಗರ್ಭಕೋಶ ತೆಗಸ್ರಿ, ಕಾರ್ಡ್ ಅದಲ್ಲ’ ಎಂದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಬಿಳಿ ಸೆರಗು, ಹೊಟ್ಟೆನೋವು, ಮುಟ್ಟಿನ ಏರುಪೇರು ಎಂದು ಹೋದ ಹೆಣ್ಣುಮಕ್ಕಳಿಗೆ ನೇರವಾಗಿ ಗರ್ಭಕೋಶ ತೆಗೆಯುವ ಮಾತು ಹೇಳುವುದು ನಮ್ಮ ಭಾಗದ ಹಳೆಯ ಗಾಯ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಹೀಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಿದ ಆರೋಪ 2015ರಲ್ಲಿ ಹೊರಬಿದ್ದು ತನಿಖೆ ನಡೆಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿ ಮಾಡಿರೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿದೆ.

ಬಿಳಿ ಸೆರಗಿಗೆ ಹೆಚ್ಚಿನ ಸಲ ಸೋಂಕು ಕಾರಣ, ಮಾತ್ರೆಯಿಂದ ವಾಸಿಯಾಗುತ್ತದೆ. ಹೆಚ್ಚು ರಕ್ತ ಹೋಗುವುದಕ್ಕೂ ಮೊದಲು ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಂಥ ದಾರಿಗಳಿವೆ. ‘ಈಗ ತೆಗಸದಿದ್ರ ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿದರೆ ಮೂರನ್ನು ಕೇಳಿ: ಸೋನೋಗ್ರಫಿ ವರದಿ ಎಲ್ಲಿ, ಗರ್ಭಕೊರಳಿನ ಪರೀಕ್ಷೆ ಅಥವಾ ಬಯಾಪ್ಸಿ ಮಾಡಿದ್ದೀರಾ, ಔಷಧ ಕೊಟ್ಟು ನೋಡಿದ್ದೀರಾ. ನಲವತ್ತರೊಳಗಿನವರು ಮತ್ತೊಬ್ಬ ತಜ್ಞರಿಗೆ ತೋರಿಸದೆ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು, ಸಹಿ ಹಾಕಬಾರದು. ಜಿಮ್ಸ್, ಬ್ರಿಮ್ಸ್, ಯಿಮ್ಸ್ ಯಾವುದರಲ್ಲಾದರೂ ಸ್ತ್ರೀರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ, ಹಳೆಯ ವರದಿಗಳನ್ನೆಲ್ಲ ಒಯ್ದು ತೋರಿಸಿ. ಕ್ಯಾನ್ಸರಿನ ಸಂಶಯವೇ ಇದ್ದರೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ, ಅಲ್ಲಿಗೆ ಬರೆಸಿಕೊಂಡು ಹೋಗಿ.